ಬೇಡಪ್ಪ ಮಾಡಿದ ಹಿತ್ತಾಳೆ ಚಕ್ರ

ಆ ಬೀದಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದವನಿಗೆ ಹೆತ್ತವರು ಇಟ್ಟ ಹೆಸರೇನೆಂದು ಕೇಳಿದರೆ ಅವನೇ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು. ಊರಿಗೆಲ್ಲ ಅವನು ಬೇಡಪ್ಪ. ಯಾರು ಏನು ಕೊಡಲು ಬಂದರೂ "ಬೇಡಪ್ಪ" ಎನ್ನುತ್ತಿದ್ದುದರಿಂದ ಅದೇ ಹೆಸರಾಗಿ ಅಂಟಿಕೊಂಡಿತು. ಮಳೆ ಬರುತ್ತಿದೆ, ಕೊಡೆ ತಗೊಂಡು ಹೋಗು ಎಂದರೆ ಬೇಡಪ್ಪ. ಜ್ವರ ಬಂದಿದೆ, ಗಂಜಿ ತಂದುಕೊಡುತ್ತೇನೆ ಎಂದರೆ ಬೇಡಪ್ಪ. ಒಮ್ಮೆ ಅಂಗಡಿಯ ತಗಡಿನ ಬಾಗಿಲು ಕಳಚಿ ಅವನ ಮೇಲೆಯೇ ಬಿತ್ತು. ಹೊರಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು. ಪಕ್ಕದಂಗಡಿಯ ದರ್ಜಿ ಓಡಿಬಂದು "ಎತ್ತಲೇನೋ?" ಎಂದು ಕೂಗಿದರೆ, ತಗಡಿನ ಅಡಿಯಿಂದ "ಬೇಡಪ್ಪ, ನಾನೇ ಎದ್ದೇಳ್ತೀನಿ" ಎಂಬ ಧ್ವನಿ ಬಂತಂತೆ. ದರ್ಜಿ ಈ ಕಥೆ ಹೇಳಿದಾಗಲೆಲ್ಲ ಬಾಗಿಲಿನ ತೂಕ ಹೆಚ್ಚುತ್ತ ಹೋಗಿ, ಈಗೀಗ ಅದನ್ನು ಎತ್ತಲು ಎರಡು ಆನೆ ಸಾಲದು.

ಕೇಳುವುದೆಂದರೆ ಅವನಿಗೆ ನಾಲಿಗೆಯ ಮೇಲೆ ಕೆಂಡ ಇಟ್ಟಂತೆ. ಬೇರೆಯವರ ಸುತ್ತಿಗೆ ಕೇಳಬಾರದೆಂದು ಏಳು ಸುತ್ತಿಗೆ ಇಟ್ಟುಕೊಂಡಿದ್ದ. ದಾರಿ ಕೇಳಬಾರದೆಂದು ಗೊತ್ತಿಲ್ಲದ ಊರಿಗೆ ಹೋಗುವುದನ್ನೇ ಬಿಟ್ಟಿದ್ದ. ಮದುವೆಯಾಗದೆ ಉಳಿದದ್ದಕ್ಕೂ ದರ್ಜಿ ಕೊಡುತ್ತಿದ್ದ ಕಾರಣ ಇದೇ: "ಹೆಣ್ಣು ಕೇಳೋಕೆ ಹೋಗ್ಬೇಕಲ್ಲ ಸ್ವಾಮಿ! ಕೇಳೋದು ಇವನ ಜಾಯಮಾನದಲ್ಲೇ ಇಲ್ಲ. ಆಗೋ ಹಾಗಿದ್ದಿದ್ರೆ ಹೆಂಡತೀನೂ ತಾನೇ ಅರ ಹಾಕಿ ಉಜ್ಜಿ ಮಾಡ್ಕೋತಿದ್ದ."

ಕೈಗುಣ ಮಾತ್ರ ಸುಳ್ಳಲ್ಲ. ಅವನು ನೇರ ಮಾಡಿದ ಚಕ್ರವನ್ನು ಒಮ್ಮೆ ತಿರುಗಿಸಿ ಬಿಟ್ಟು ಊಟ ಮುಗಿಸಿ ಬಂದರೂ ಅದು ತಿರುಗುತ್ತಲೇ ಇರುತ್ತಿತ್ತು. ಅಂಥದ್ದೊಂದು ಚಕ್ರ ನಿಂತಿದೆಯೆಂದುಕೊಂಡು ಗುಬ್ಬಿಯೊಂದು ಕೂರಲು ಹೋಗಿ, ತಲೆ ಸುತ್ತಿ ಬಿದ್ದು, ಸಂಜೆಯವರೆಗೆ ವಾಲಾಡುತ್ತ ನಡೆಯಿತು ಎಂದು ಬೀದಿಯವರು ಹೇಳುತ್ತಾರೆ. ಅಂಗಡಿ ಎಂದರೆ ಮೂರು ಗೋಡೆ, ಒಂದು ತಗಡಿನ ಮಾಡು, ಪಂಕ್ಚರ್ ನೋಡುವ ನೀರಿನ ಬಾಣಲೆ, ಸೀಮೆಎಣ್ಣೆಯ ಡಬ್ಬ, ಗೋಡೆಗೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ತೂಗುವ ಪಾನಾಗಳ ಸಾಲು. ಮಾಡಿನ ಜಂತಿಗೆ ಎರಡು ಕೊಕ್ಕೆ ಹಾಕಿ ಒಂದು ಹಳೆಯ ರೇಸ್ ಸೈಕಲ್ಲಿನ ಅಸ್ಥಿಪಂಜರವನ್ನು ನೇತುಹಾಕಿದ್ದ. ತೆಳ್ಳನೆಯ ಉಕ್ಕಿನ ಫ್ರೇಮು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲು, ಸೀಟು, ಎರಡು ಚಕ್ರ. ಪೆಡಲಿಲ್ಲ, ಚೈನಿಲ್ಲ, ಗೇರಿಲ್ಲ. ಗಿರಾಕಿಗಳು ತಲೆಯೆತ್ತಿ ನೋಡಿ "ಇದರ ಮಿಕ್ಕ ಸಾಮಾನು ಎಲ್ಲಿ?" ಎಂದು ಕೇಳಿದರೆ ಬೇಡಪ್ಪ ಪಂಪನ್ನು ಜೋರಾಗಿ ಒತ್ತಲು ಶುರುಮಾಡುತ್ತಿದ್ದ.

ಮಿಕ್ಕ ಸಾಮಾನು ಸೇತುವೆಯ ಆಚೆ, ಅಣ್ಣನ ಮನೆಯಲ್ಲಿತ್ತು.

ಹರೆಯದಲ್ಲಿ ಅಣ್ಣತಮ್ಮ ಇಬ್ಬರೂ ಸೇರಿ ಆ ಸೈಕಲ್ಲನ್ನು ಗುಜರಿಯಿಂದ ಎತ್ತಿ ತಂದು ಬದುಕಿಸಿದ್ದರು. ಅಣ್ಣ ಅದರ ಕಾಲು, ತಮ್ಮ ಅದರ ಕೈ. ತಮ್ಮ ಗೇರು ಕೂರಿಸಿ ಕೊಡುತ್ತಿದ್ದ, ಅಣ್ಣ ತುಳಿಯುತ್ತಿದ್ದ. ಅಣ್ಣ ತುಳಿಯುತ್ತಿದ್ದ ವೇಗಕ್ಕೆ ಅವನ ನೆರಳು ಹಿಂದೆ ಬಿದ್ದು, ಸ್ವಲ್ಪ ಹೊತ್ತಾದ ಮೇಲೆ ಏದುಸಿರು ಬಿಡುತ್ತ ಬಂದು ಸೇರಿಕೊಳ್ಳುತ್ತಿತ್ತಂತೆ. ಒಂದು ರೇಸಿನಲ್ಲಿ ಎಲ್ಲರಿಗಿಂತ ಮುಂದಿದ್ದವನು ಕೊನೆಯ ಏರಿನಲ್ಲಿ ಗೇರು ಬದಲಿಸುವ ಸನ್ನೆ ಎಳೆದ. ಚೈನು ಹಲ್ಲಿನ ಮೇಲಿಂದ ಜಾರಿತು. ಎದೆ ಹ್ಯಾಂಡಲಿಗೆ ಬಡಿದು ಅವನು ರಸ್ತೆಗೆ ಬಿದ್ದ. ಮಿಕ್ಕವರೆಲ್ಲ ಅವನನ್ನು ಬಳಸಿಕೊಂಡು ಮುಂದೆ ಹೋದರು.

"ನೀನು ಗೇರು ಸರಿಯಾಗಿ ಕೂರಿಸಿಲ್ಲ" ಎಂದ ಅಣ್ಣ, ರಸ್ತೆಯಿಂದ ಏಳುವ ಮೊದಲೇ.

"ಏರಲ್ಲಿ ಎಮ್ಮೆ ಹಾಗೆ ತುಳೀತಾ ಸನ್ನೆ ಎಳೆದ್ರೆ ಯಾವ ಗೇರು ಕೂರುತ್ತೆ?" ಎಂದ ತಮ್ಮ, ಕೈ ಕೊಟ್ಟು ಎಬ್ಬಿಸುವ ಮೊದಲೇ.

ಕೈಯದು ತಪ್ಪೋ ಕಾಲಿನದು ತಪ್ಪೋ ಎಂಬ ಈ ಜಗಳ ಮನೆಗೆ ಬಂತು, ಊಟಕ್ಕೆ ಕೂತಿತು, ಅವರ ಜೊತೆಯಲ್ಲೇ ಮಲಗಿ ಎದ್ದಿತು. ಮನೆ ಪಾಲಾಗುವಾಗ ಪಾತ್ರೆ, ಪೆಟ್ಟಿಗೆ, ಮಂಚಗಳೆಲ್ಲ ಒಂದೇ ಬೆಳಗ್ಗೆ ಹಂಚಿಕೆಯಾದವು. ಸೈಕಲ್ಲು ಮಾತ್ರ ಅಂಗಳದಲ್ಲಿ ನಿಂತೇ ಇತ್ತು. ಇಬ್ಬರಿಗೂ ಬೇಕು. ಕೊನೆಗೆ ರೋಸಿಹೋದ ಅಮ್ಮ "ಕೊಯ್ದು ಹಂಚ್ಕೊಳ್ರೋ, ನನ್ನ ತಲೆ ತಿನ್ಬೇಡಿ" ಎಂದಳು. ತಾಯಿಯ ಮಾತನ್ನು ಇಬ್ಬರೂ ಒಟ್ಟಿಗೆ ನಡೆಸಿಕೊಟ್ಟದ್ದು ಅದೊಂದೇ ಸಲ. ಪಾನಾ ತಂದು ಕೂತು ಬಿಚ್ಚಿದರು. ತುಳಿಯುವುದಕ್ಕೆ ಸೇರಿದ್ದೆಲ್ಲ ಅಣ್ಣನಿಗೆ: ಪೆಡಲು, ಕ್ರ್ಯಾಂಕು, ಚೈನು, ಹಿಂದಿನ ಹಲ್ಲುಗಳ ಗೊಂಚಲು, ಗೇರಿನ ತೋಳು. ಉಳಿದದ್ದೆಲ್ಲ ತಮ್ಮನಿಗೆ. ಅಮ್ಮ ಹಣೆ ಚಚ್ಚಿಕೊಂಡಳು. ಹೀಗೆ ಊರಿನ ಅತಿ ವೇಗದ ಸೈಕಲ್ಲು ಎರಡು ಮನೆಯಲ್ಲಿ ಅರ್ಧರ್ಧ ನಿಂತುಬಿಟ್ಟಿತು.

ಅಣ್ಣ ತನ್ನ ಅರ್ಧವನ್ನು ಸುಮ್ಮನೆ ಬಿಡಲಿಲ್ಲ. ಮರದ ಚೌಕಟ್ಟು ಮಾಡಿ, ಕ್ರ್ಯಾಂಕು ಚೈನು ಜೋಡಿಸಿ, ಮೇಲೆ ಸಾಣೆಕಲ್ಲು ಕೂರಿಸಿ, ಚಾಕು ಕತ್ತರಿ ಹರಿತ ಮಾಡುವ ಕಸುಬು ಹಿಡಿದ. ಗೇರು ಇದ್ದ ಸಾಣೆಯಂತ್ರ ಅದೊಂದೇ. ಕತ್ತರಿಗೆ ಒಂದು ವೇಗ, ಕೊಡಲಿಗೆ ಇನ್ನೊಂದು. ಅವನು ಹರಿತ ಮಾಡಿದ ಚಾಕುವನ್ನು ಈರುಳ್ಳಿಗೆ ತೋರಿಸಿದರೆ ಸಾಕು, ಅದು ಹೆದರಿ ತಾನೇ ಎರಡಾಗುತ್ತಿತ್ತು. ಜನ ಅವನನ್ನು ಸಾಣೆಯಣ್ಣ ಎಂದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ಒಂದೇ ಜಾಗದಲ್ಲಿ ಕೂತು ತುಳಿದ. ಸೇತುವೆಯ ಈಚೆ ತಮ್ಮ ಊರಿನವರ ಸೈಕಲ್ಲುಗಳನ್ನೆಲ್ಲ ಓಡಿಸಿದ. ಮಧ್ಯೆ ಇದ್ದದ್ದು ಒಂದು ಸೇತುವೆ ಮಾತ್ರ. ಅದರ ಮೇಲೆ ಒಬ್ಬರಿಗೊಬ್ಬರು ಎದುರಾದರೆ ಇಬ್ಬರೂ ನದಿಯಲ್ಲಿ ಮೀನು ಎಣಿಸುತ್ತ ದಾಟುತ್ತಿದ್ದರು.

ಒಂದು ದಿನ ಬೆಳಗ್ಗೆ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಭಾರವಾದ ಗೋಣಿಚೀಲವೊಂದನ್ನು ಎಳೆದುಕೊಂಡು ಬೇಡಪ್ಪನ ಅಂಗಡಿಗೆ ಬಂದಳು. ಚೀಲವನ್ನು ಅವನ ಕಾಲ ಬಳಿ ಇಳಿಸಿ, ಸೊಂಟಕ್ಕೆ ಕೈಕೊಟ್ಟು ನಿಂತಳು.

"ನಿಮ್ಮಣ್ಣ ಕಳ್ಸಿದಾರೆ."

"ಏನಿದು?"

"ನಿನ್ನ ಸೈಕಲ್ಲಿನ ಹೊಟ್ಟೆಕರುಳು. ಇನ್ನು ಅವರ ಕೈಲಿ ತುಳಿಯೋಕೆ ಆಗಲ್ಲಪ್ಪ. ಕಲ್ಲಿನ ಧೂಳೆಲ್ಲ ಎದೇಲಿ ಕೂತ್ಕೊಂಡಿದೆ ಅಂತ ಡಾಕ್ಟರು ಹೇಳಿದಾರೆ. ಮಂಚದಿಂದ ಬಚ್ಚಲಿಗೆ ಹೋಗಿ ಬಂದ್ರೆ ಬೆಟ್ಟ ಹತ್ತಿದ ಹಾಗೆ ಏದುಸಿರು."

ಬೇಡಪ್ಪ ಚೀಲವನ್ನೇ ನೋಡುತ್ತಿದ್ದ. "ವಾಸಿ ಆಗುತ್ತಂತಾ?"

"ಇಲ್ವಂತೆ." ಅತ್ತಿಗೆ ಅದನ್ನು ನೇರವಾಗಿಯೇ ಹೇಳಿದಳು. ಆಮೇಲೆ, ಬಾಯಿಪಾಠ ಮಾಡಿಕೊಂಡು ಬಂದವಳಂತೆ, "ಸೈಕಲ್ ಕಟ್ಟಬೇಕಂತೆ. ಏನಾದ್ರೂ ಕಮ್ಮಿ ಅನ್ಸಿದ್ರೆ ಬಂದು ಕೇಳಬೇಕಂತೆ" ಎಂದಳು.

"ನನಗೇನು ಕಮ್ಮಿ ಆಗುತ್ತೆ ಅತ್ತಿಗೆ? ಎಲ್ಲಾ ನನ್ನ ಹತ್ರಾನೇ ಇದೆ."

"ಸುಮ್ನೆ ನೋಡೋಕೆ ಬರ್ಬಾರ್ದೇನೋ? ಸಾಯೋ ಮನುಷ್ಯ."

"ಬರ್ತೀನಿ. ಸೈಕಲ್ ಕಟ್ಟಿ, ತಗೊಂಡೇ ಬರ್ತೀನಿ. ಬರೀಗೈಲಿ ಹೆಂಗೆ ಬರ್ಲಿ?"

ಅತ್ತಿಗೆ ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದಳು.

ಬೇಡಪ್ಪನಿಗೆ ತೀರ ತಡವಾಗಿ ಗೊತ್ತಾದದ್ದನ್ನು ಓದುವವರಿಗೆ ಈಗಲೇ ಹೇಳಿಬಿಡುವುದು ನ್ಯಾಯ. ಗೇರಿನ ತೋಳಿನಲ್ಲಿ ಎರಡು ಪುಟ್ಟ ಹಲ್ಲಿನ ಚಕ್ರಗಳಿರುತ್ತವೆ, ಒಂದರ ಕೆಳಗೊಂದು. ಚೈನು ಅವುಗಳ ನಡುವೆ ಹಾವಿನಂತೆ ನುಸುಳಿ ಹೋಗುತ್ತದೆ. ಮೇಲಿನದು ಚೈನನ್ನು ಒಂದು ಹಲ್ಲಿನ ಸಾಲಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಅದಿಲ್ಲದೆ ಗೇರಿಲ್ಲ. ಸಾಣೆಯಣ್ಣ ಆ ಮೇಲಿನ ಚಕ್ರವನ್ನು ಬಿಚ್ಚಿ ತನ್ನ ದಿಂಬಿನ ಕೆಳಗೆ ಇಟ್ಟುಕೊಂಡು, ಮಿಕ್ಕದ್ದನ್ನು ಕಳುಹಿಸಿದ್ದ. ಹೇಳಬಾರದೆಂದು ಹೆಂಡತಿಯಿಂದ ಆಣೆಯನ್ನೂ ಮಾಡಿಸಿಕೊಂಡಿದ್ದ. ತಮ್ಮನನ್ನು ಬಾ ಎಂದು ಕರೆಯಲು ಅವನಿಗೂ ಬಾಯಿ ಬರುತ್ತಿರಲಿಲ್ಲ. ಅದೇ ಹೊಟ್ಟೆಯಲ್ಲಿ ಹುಟ್ಟಿದವನಲ್ಲವೇ. ಚಕ್ರ ಕಾಣದಿದ್ದರೆ "ಎಲ್ಲೋ ನನ್ನ ಸಾಮಾನು, ಕಳ್ಳ" ಎಂದು ಬೈಯಲಾದರೂ ಓಡಿಬರುತ್ತಾನೆ ಎಂಬುದು ಅವನ ಲೆಕ್ಕ.

ಲೆಕ್ಕ ತಪ್ಪಿದ್ದು ಒಂದೇ ಕಡೆ. ಕಳೆದ ಸಾಮಾನನ್ನು ಲೋಕದಲ್ಲಿ ಎಲ್ಲರೂ ಕೇಳುತ್ತಾರೆ, ಹುಡುಕುತ್ತಾರೆ, ಇಲ್ಲವೇ ಕೊಳ್ಳುತ್ತಾರೆ. ಬೇಡಪ್ಪ ಮಾಡಿಕೊಳ್ಳುತ್ತಾನೆ.

ಅಂದು ಮಧ್ಯಾಹ್ನವೇ ಅವನು ಚೀಲವನ್ನು ನೆಲಕ್ಕೆ ಸುರಿದ. ಮೂವತ್ತು ವರ್ಷದ ಕೊಳೆ. ಸಾಣೆಕಲ್ಲಿನ ಪುಡಿ, ಎಣ್ಣೆ, ಊರಿನ ಸಮಸ್ತ ಚಾಕುಗಳಿಂದ ಉದುರಿದ ಉಕ್ಕು ಎಲ್ಲ ಸೇರಿ ಡಾಂಬರಿನಂತೆ ಗಟ್ಟಿಯಾಗಿತ್ತು. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ. ಆ ಡಬ್ಬದಿಂದ ಹೊರಬಂದ ಕೊಳೆಯಲ್ಲಿ ಇನ್ನೊಂದು ಸೈಕಲ್ ಮಾಡಬಹುದಿತ್ತು ಎಂದು ದರ್ಜಿಯ ಅಂದಾಜು. ಬ್ರಷ್ಷಿನಿಂದ ಒಂದೊಂದು ಕೊಂಡಿಯನ್ನೂ ಉಜ್ಜುತ್ತ ಹೋದಂತೆ, ಆ ಲೋಹದ ಮೇಲೆ ಅಣ್ಣನ ಕಾಲಿನ ಗುರುತು ಕಾಣತೊಡಗಿತು. ಬಲಗಡೆಯ ಪೆಡಲು ಎಡಗಡೆಯದಕ್ಕಿಂತ ಹೆಚ್ಚು ಸವೆದಿತ್ತು. ಅಣ್ಣ ನಡೆಯುವಾಗಲೂ ಬಲಗಾಲನ್ನು ಜೋರಾಗಿ ಊರುತ್ತಿದ್ದ. ಹಿಂದಿನ ಹಲ್ಲುಗಳ ಗೊಂಚಲಲ್ಲಿ ಮಧ್ಯದ ಸಾಲು ಗರಗಸದಂತೆ ಒಂದೇ ಕಡೆಗೆ ಬಾಗಿತ್ತು. ಕತ್ತರಿಗೆ ಬಳಸುತ್ತಿದ್ದ ವೇಗ ಅದೇ ಇರಬೇಕು. ಊರಲ್ಲಿ ಕತ್ತರಿ ಜಾಸ್ತಿ.

ಗೇರಿನ ತೋಳನ್ನು ತೊಳೆದಾಗ ಮೇಲಿನ ಚಕ್ರ ಇಲ್ಲದ್ದು ಕಂಡಿತು. ಚೀಲವನ್ನು ಒಳಹೊರಗು ಮಾಡಿ ಕೊಡವಿದ. ನೆಲದ ಮೇಲೆ ಮಂಡಿಯೂರಿ ಹುಡುಕಿದ.

"ಏನು ಕಳೀತೋ?" ಎಂದ ದರ್ಜಿ, ಹೊಲಿಗೆಯಂತ್ರದ ಮೇಲಿಂದಲೇ.

"ಒಂದು ಚಕ್ರ. ಎಲ್ಲೋ ಬಿದ್ದುಹೋಗಿರ್ಬೇಕು."

"ನಿಮ್ಮಣ್ಣನ ಮನೇಲಿ ಇರುತ್ತೆ. ಹೋಗಿ ಕೇಳು. ಸೇತುವೆ ದಾಟಿದ್ರೆ ಮನೆ."

"ಬೇಡಪ್ಪ. ಉಸಿರಾಡೋಕೇ ಒದ್ದಾಡ್ತಾ ಇರೋನನ್ನ ಎಬ್ಬಿಸಿ ಚಕ್ರ ಎಲ್ಲಿ ಅಂತ ಕೇಳ್ಲಾ?"

"ಅಂಗಡೀಲಿ ಹೊಸದು ಸಿಗುತ್ತಲ್ಲ."

"ಈಗಿನದು ಇದಕ್ಕೆ ಕೂರಲ್ಲ. ನಾನೇ ಮಾಡ್ಕೋತೀನಿ."

"ಮಾಡ್ಕೋ, ಮಾಡ್ಕೋ. ನಾಳೆ ಕಿಡ್ನಿ ಕೆಟ್ರೂ ಹಿತ್ತಾಳೇಲಿ ಒಂದು ಮಾಡ್ಕೋ."

ಹಿತ್ತಾಳೆ ಎಂಬ ಮಾತು ದರ್ಜಿಯ ಬಾಯಿಂದ ಬಂದದ್ದೇ ತಪ್ಪಾಯಿತು. ಬೇಡಪ್ಪನ ಬಳಿ ಹಳೆಯ ತಕ್ಕಡಿಯ ಹಿತ್ತಾಳೆ ತೂಕದ ಬಟ್ಟೊಂದಿತ್ತು. ಅದನ್ನು ಇಕ್ಕಳದಲ್ಲಿ ಬಿಗಿದು ಗರಗಸದಿಂದ ಬಿಲ್ಲೆ ಸೀಳಿದ. ನಡುವೆ ತೂತು ಕೊರೆದ. ಕೆಳಗಿನ ಚಕ್ರವನ್ನು ಅದರ ಮೇಲಿಟ್ಟು ಮೊಳೆಯ ತುದಿಯಿಂದ ಹಲ್ಲುಗಳನ್ನು ಗೀಚಿ, ಸಣ್ಣ ಅರ ಹಿಡಿದು ಉಜ್ಜಲು ಕೂತ. ಮೊದಲನೆಯದರಲ್ಲಿ ಒಂದು ಹಲ್ಲು ಸಣ್ಣದಾಯಿತು. ಕೂದಲೆಳೆಯಷ್ಟು. ಬೇರೆ ಯಾರಿಗಾದರೂ ಅದು ಕಾಣಬೇಕಾದರೆ ಕಣ್ಣನ್ನು ಕಿತ್ತು ಅದರ ಮೇಲೆಯೇ ಇಡಬೇಕಿತ್ತು. ಅವನು ಅದನ್ನು ಮೂಲೆಗೆ ಎಸೆದು ಇನ್ನೊಂದು ಬಿಲ್ಲೆ ಸೀಳಿದ. ಏರಿನಲ್ಲಿ ಅಂದು ಜಾರಿದ ಚೈನು ಇನ್ನೊಮ್ಮೆ ಜಾರಬಾರದು. ಜಾರಿದರೆ ಅಣ್ಣ ಹೇಳಿದ್ದೇ ನಿಜವಾಯಿತು. ಜಾರದಿದ್ದರೆ, ಏನೂ ಮಾತಾಡದೆ, ಅಣ್ಣನ ಮುಂದೆ ಪೆಡಲು ತಿರುಗಿಸಿ ತೋರಿಸಿದರೆ ಸಾಕು. ಮೂವತ್ತು ವರ್ಷದ ಹಿಂದೆ ಕೊಡದ ಕೈಯನ್ನು ಅವನು ಹಾಗೆ ಕೊಡಬೇಕೆಂದಿದ್ದ.

ಗಿರಾಕಿಗಳು ಬಂದು ಕಾದು, ತಮ್ಮ ಸೈಕಲ್ಲುಗಳನ್ನು ತಳ್ಳಿಕೊಂಡು ವಾಪಸ್ಸಾದರು. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಅತ್ತಿಗೆ ಮತ್ತೆ ಬಂದಳು. ಈ ಸಲ ಚೀಲವಿರಲಿಲ್ಲ. ಕಣ್ಣ ಕೆಳಗೆ ಎರಡು ಚೀಲ ಬಂದಿದ್ದವು.

"ಏನಾದ್ರೂ ಕಮ್ಮಿ ಬಿತ್ತೇನಪ್ಪ?" ಎಂದು ಕೇಳಿದಳು, ಅವನ ಮುಖವನ್ನೇ ಹುಡುಕುತ್ತ.

"ಒಂದು ಚಕ್ರ ಇರಲಿಲ್ಲ ಅತ್ತಿಗೆ. ಪರವಾಗಿಲ್ಲ. ಇಲ್ನೋಡಿ." ಅವನು ಅಂಗೈ ಚಾಚಿದ. ಹಿತ್ತಾಳೆಯ ಪುಟ್ಟ ಚಕ್ರ, ಇನ್ನೂ ಅರದ ಪುಡಿ ಮೆತ್ತಿಕೊಂಡು, ಅಂಗೈ ನಡುವೆ ಕೂತಿತ್ತು. "ನಾನೇ ಮಾಡ್ದೆ. ಮೊದಲಿನದ್ದಕ್ಕಿಂತ ಚೆನ್ನಾಗಿದೆ."

ಬೇಡಪ್ಪ ನಕ್ಕದ್ದನ್ನು ಅತ್ತಿಗೆ ನೋಡಿದ್ದು ಅವಳು ಆ ಮನೆಗೆ ಸೊಸೆಯಾಗಿ ಬಂದ ವರ್ಷ, ಅವನಿಗೆ ಮೀಸೆ ಮೂಡುವ ಕಾಲದಲ್ಲಿ. ಈಗ ಅದೇ ನಗು. ಅವಳು ಚಕ್ರವನ್ನು ನೋಡಿದಳು, ಅವನನ್ನು ನೋಡಿದಳು.

"ಚೆನ್ನಾಗಿದೆ ಕಣಪ್ಪ" ಎಂದಳು. "ಬೇಗ ಬಾ. ಹಾಗೇ ಬಂದುಬಿಡು, ಆದಷ್ಟು ಸಾಕು."

"ಇನ್ನೇನಿಲ್ಲ, ಸ್ವಲ್ಪ ಕೂರಿಸೋದಿದೆ."

ಆ ಸ್ವಲ್ಪ ಕೂರಿಸುವುದು ಎಂಬುದೇ ಈ ಕಸುಬಿನ ಪ್ರಾಣ, ಪ್ರಾಣ ಹಿಂಡುವುದೂ ಅದೇ. ಪೆಡಲಿನ ಅಚ್ಚಿಗೆ ಹೊಸ ಗುಂಡು ಹಾಕಿ, ಗ್ರೀಸು ತುಂಬಿ, ಬಿಗಿದರೆ ಬಿಗಿ, ಸಡಿಲಿಸಿದರೆ ಸಡಿಲ. ನಡುವೆ ಒಂದು ಜಾಗವಿದೆ, ಅದು ಪಾನಾದ ಹಿಡಿಯಲ್ಲಿ ಉಗುರಿನಷ್ಟು ಸರಿದರೆ ಸಿಗುತ್ತದೆ, ಇನ್ನೊಂದು ಉಗುರು ಸರಿದರೆ ಹೋಗುತ್ತದೆ. ಹೊಸ ಚೈನು ಹಾಕಿ ನೋಡಿದ. ಸವೆದ ಮಧ್ಯದ ಸಾಲಿನ ಮೇಲೆ ಅದು ಕಪ್ಪೆಯಂತೆ ಕುಪ್ಪಳಿಸಿತು. ಹಳೆಯ ಚೈನನ್ನೇ ಮತ್ತೆ ಹಾಕಿದ. ಆ ಹಲ್ಲಿನ ಜೊತೆಯಲ್ಲೇ ಸವೆದದ್ದು, ಅದರ ಗೂನು ಇದಕ್ಕೆ ಗೊತ್ತಿತ್ತು. ಗೇರಿನ ತೋಳಿಗೆ ಎರಡು ಪುಟ್ಟ ತಿರುಪು ಮೊಳೆಗಳಿರುತ್ತವೆ: ಒಂದು ಚೈನು ಆಚೆ ಹೋಗಿ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳದಂತೆ, ಇನ್ನೊಂದು ಈಚೆ ಬಂದು ಕೆಳಗೆ ಬೀಳದಂತೆ ಕಾಯುತ್ತವೆ. ಒಂದನ್ನು ಕಾಲು ಸುತ್ತು ತಿರುಗಿಸಿ, ಸನ್ನೆ ಎಳೆದು, ಪೆಡಲು ತಿರುಗಿಸಿ, ಕಿವಿಗೊಟ್ಟು ಕೇಳಿ, ಮತ್ತೆ ಅರ್ಧ ಕಾಲು ಸುತ್ತು. ಆ ಕಾಲದ ಗೇರಿಗೆ ಈಗಿನಂತೆ ಟಿಕ್ ಎಂದು ಹೇಳಿಕೊಡುವ ಗುಣವಿಲ್ಲ; ಚೈನು ಕೂತಿತೋ ಇಲ್ಲವೋ ಎಂಬುದು ಕಿವಿಗೇ ಗೊತ್ತಾಗಬೇಕು. ಹಿತ್ತಾಳೆ ಚಕ್ರ ತೋಳಿನಲ್ಲಿ ತೀರ ಬಿಗಿಯಾಗಿ ಕೂತಿತ್ತು. ಅಂಥ ಚಕ್ರಕ್ಕೆ ಅತ್ತಿತ್ತ ವಾಲಲು ಒಂದಿಷ್ಟು ಜಾಗ ಬೇಕು, ಇಲ್ಲದಿದ್ದರೆ ಹಟ ಹಿಡಿಯುತ್ತದೆ. ಅದರ ಎರಡು ಮುಖವನ್ನೂ ಮತ್ತೆ ಉಜ್ಜಿದ.

"ಲೋ, ಸಾಕು ಮಾಡೋ" ಎಂದ ದರ್ಜಿ ಒಂದು ಸಂಜೆ. ಈ ಸಲ ಅವನ ಧ್ವನಿಯಲ್ಲಿ ತಮಾಷೆ ಇರಲಿಲ್ಲ. "ಆ ಸೈಕಲ್ ಮೇಲೆ ಇನ್ನು ದೇವರೇ ಬಂದು ಕೂತ್ರೂ ಕುಲುಕಲ್ಲ. ಹೋಗು."

"ಮೂರನೇ ಹಲ್ಲಿನ ಮೇಲೆ ಒಂಚೂರು ಸದ್ದಿದೆ."

"ಸದ್ದಿರ್ಲಿ ಬಿಡೋ! ನಿಮ್ಮಣ್ಣ ಮಂಚದ ಮೇಲೆ ಮಲಗಿ ರೇಸ್ ಓಡ್ತಾನಾ?"

ಬೇಡಪ್ಪ ತಿರುಪನ್ನು ಮತ್ತೆ ಅರ್ಧ ಕಾಲು ಸುತ್ತು ತಿರುಗಿಸಿದ. ಸದ್ದು ನಿಂತ ದಿನ ಕೈ ತೊಳೆದು, ಒಗೆದ ಅಂಗಿ ಹಾಕಿಕೊಂಡು, ಸೈಕಲ್ಲನ್ನು ಬೀದಿಗಿಳಿಸಿದ.

ಆ ಸೈಕಲ್ಲನ್ನು ಅವನು ಸರಿಯಾಗಿ ತುಳಿದವನೇ ಅಲ್ಲ. ತುಳಿಯುವುದು ಅಣ್ಣನ ಪಾಲಾಗಿತ್ತು. ಬಾಗಿದ ಹ್ಯಾಂಡಲು ಹಿಡಿದರೆ ಬೆನ್ನು ಮುರಿಯುವಂತಾಯಿತು. ಆದರೂ ಸೈಕಲ್ಲು ಹೊರಟ ರೀತಿಗೆ ಅವನಿಗೇ ಗಾಬರಿ. ಸೇತುವೆಯ ಏರಿನಲ್ಲಿ, ಬೇಕೆಂದೇ, ಎಮ್ಮೆಯಂತೆ ತುಳಿಯುತ್ತ ಸನ್ನೆ ಎಳೆದ. ಚೈನು ಒಂದು ಸಾಲಿನಿಂದ ಇನ್ನೊಂದಕ್ಕೆ, ಮನೆಯ ಬೆಕ್ಕು ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ಹೋಗುವಂತೆ, ಸದ್ದಿಲ್ಲದೆ ದಾಟಿತು. ಜಾರಲಿಲ್ಲ. ಬೇಡಪ್ಪ ಸೇತುವೆಯ ಮೇಲೆ ಒಬ್ಬನೇ ಗಟ್ಟಿಯಾಗಿ "ನೋಡಿದ್ಯಾ" ಎಂದ. ಎದುರಿಗೆ ಬರುತ್ತಿದ್ದ ಹೆಂಗಸೊಬ್ಬಳು ತನಗೇ ಹೇಳಿದನೆಂದು ಹೆದರಿ ಪಕ್ಕಕ್ಕೆ ಸರಿದಳು.

ಅಣ್ಣನ ಕೋಣೆ ಸಣ್ಣದು. ಕಿಟಕಿಯ ಪಕ್ಕ ಮಂಚ, ಮೊಳೆಗೆ ನೇತುಹಾಕಿದ ಅಂಗಿ, ಸ್ಟೂಲಿನ ಮೇಲೆ ಔಷಧಿಯ ಬಾಟಲಿಗಳು. ಮಂಚದ ಮೇಲೆ ಇದ್ದವನನ್ನು ಗುರುತಿಸಲು ಬೇಡಪ್ಪನಿಗೆ ಹೊತ್ತು ಹಿಡಿಯಿತು. ನೆರಳನ್ನು ಹಿಂದೆ ಬಿಟ್ಟು ಓಡುತ್ತಿದ್ದವನಲ್ಲಿ ಈಗ ನೆರಳಷ್ಟೇ ಉಳಿದಿತ್ತು. ಎದೆಯಿಂದ ಸಾಣೆ ಹಿಡಿದ ಹಾಗೆ ಸದ್ದು ಬರುತ್ತಿತ್ತು.

"ಬಂದ್ಯಾ" ಎಂದ ಅಣ್ಣ.

"ಬಂದೆ."

ಮೂವತ್ತು ವರ್ಷಕ್ಕೆ ಅಷ್ಟು ಸಾಕಾಯಿತು. ಅಣ್ಣ ಮೊಣಕೈ ಊರಿ ಎದ್ದು ಕೂರಲು ನೋಡಿದ. ಅತ್ತಿಗೆ ಬೆನ್ನಿಗೆ ದಿಂಬು ಕೊಟ್ಟಳು. ಅವನ ಕಣ್ಣಲ್ಲಿ ಹಳೆಯ ತುಂಟತನ ಮಿನುಗುತ್ತಿತ್ತು. ಎಡಗೈ ಹೊದಿಕೆಯ ಒಳಗಿತ್ತು.

"ಏನೋ... ಏನಾದ್ರೂ ಕೇಳೋಕೆ ಬಂದ್ಯಾ?"

"ಏನಿಲ್ಲಣ್ಣ. ಎಲ್ಲಾ ಆಗಿದೆ. ನೋಡು."

ಬೇಡಪ್ಪ ಸೈಕಲ್ಲನ್ನು ಮಂಚದ ಪಕ್ಕ ತಲೆಕೆಳಗಾಗಿ ನಿಲ್ಲಿಸಿ ಪೆಡಲು ತಿರುಗಿಸಿದ. ಹಿಂದಿನ ಚಕ್ರ ಸುತ್ತಿತು. ಕಡ್ಡಿಗಳ ನೆರಳು ಗೋಡೆಯ ಮೇಲೆ, ಔಷಧಿಯ ಬಾಟಲಿಗಳ ಮೇಲೆ ಓಡಿತು. ಸನ್ನೆ ಎಳೆದ. ಚೈನು ದಾಟಿತು. ಮತ್ತೆ ಎಳೆದ. ದಾಟಿತು. ಅಣ್ಣ ಕಣ್ಣು ಮುಚ್ಚಿ, ಕಿವಿಯನ್ನು ಸ್ವಲ್ಪ ವಾಲಿಸಿ ಕೇಳುತ್ತಿದ್ದ. ಚಕ್ರ ತಾನಾಗಿ ನಿಂತ ಮೇಲೆ ಬಲಗೈ ಚಾಚಿದ. ಬೆರಳುಗಳು ಚೈನನ್ನು ಹಿಡಿದುಕೊಂಡು ಗೇರಿನ ತೋಳಿಗೆ ಇಳಿದವು. ಒಂದು ಚಕ್ರವನ್ನು ಮುಟ್ಟಿದವು. ಇನ್ನೊಂದನ್ನು ಮುಟ್ಟಿ, ಅಲ್ಲಿಯೇ ನಿಂತವು.

"ಇದು ಹಿತ್ತಾಳೆ."

"ಹೂಂ. ನಾನೇ ಮಾಡಿದ್ದು."

"ಮೊದಲಿಂದು?"

"ಚೀಲದಲ್ಲಿ ಇರಲಿಲ್ಲ. ಎಲ್ಲೋ ಬಿದ್ದುಹೋಗಿರ್ಬೇಕು. ನಿನ್ನನ್ನ ಕೇಳಿ ಯಾಕೆ ತೊಂದರೆ ಕೊಡೋದು ಅಂತ..."

ಅತ್ತಿಗೆ ಎದ್ದು ನೀರು ತರುವ ನೆಪದಲ್ಲಿ ಒಳಗೆ ಹೋದಳು. ಅಣ್ಣನ ಬೆರಳು ಹಿತ್ತಾಳೆಯ ಹಲ್ಲುಗಳ ಮೇಲೆ ನಿಧಾನವಾಗಿ ಒಂದು ಸುತ್ತು ಬಂತು. ಲೋಹದ ಅಂಚನ್ನು ಬೆರಳಲ್ಲೇ ಓದಿ ಬದುಕಿದವನು ಅವನು. ಎಲ್ಲಿ ಅರ ನಿಂತಿದೆ, ಎಲ್ಲಿ ಮತ್ತೆ ಹೊರಟಿದೆ, ಇದಕ್ಕೆ ಎಷ್ಟು ದಿನ ಹಿಡಿದಿದೆ ಎಂಬುದೆಲ್ಲ ಅವನಿಗೆ ಆ ಒಂದು ಸುತ್ತಿನಲ್ಲಿ ಗೊತ್ತಾಗಿರಬೇಕು. ಹೊದಿಕೆಯ ಒಳಗಿನ ಎಡಗೈ ಸ್ವಲ್ಪ ಸರಿದು ದಿಂಬಿನ ಕೆಳಗೆ ಹೋಯಿತು.

"ಹೌದು" ಎಂದ. "ಬಿದ್ದುಹೋಗಿರುತ್ತೆ." ಉಸಿರು ಎಳೆದುಕೊಂಡು, "ಚೆನ್ನಾಗಿ ಮಾಡಿದೀಯ ಕಣೋ. ಹಲ್ಲು ಒಂದೊಂದೂ ಸಮ" ಎಂದ.

ಈ ಮಾತನ್ನು ಕೇಳಲು ಬೇಡಪ್ಪ ಮೂವತ್ತು ವರ್ಷ ಕಾದಿದ್ದ. ಅಂಗಿಯ ತುದಿಯಿಂದ ಚೈನನ್ನು ಒರೆಸಿದ. ಹೊರಡುವಾಗ ಅಣ್ಣ "ಸೈಕಲ್ ಇಲ್ಲೇ ಇರ್ಲಿ, ನೋಡ್ತಾ ಇರ್ತೀನಿ" ಎಂದ. ಬೇಡಪ್ಪ ಸೇತುವೆಯ ಮೇಲೆ ನಡೆದುಕೊಂಡೇ ಬಂದ; ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅಂಗಡಿಗೆ ಬಂದು ದರ್ಜಿಗೆ "ಒಂದೊಂದೂ ಸಮ ಅಂದ" ಎಂದು ಎಷ್ಟು ಸಲ ಹೇಳಿದನೆಂದರೆ, ದರ್ಜಿ ಅಂದು ಹೊಲಿದ ಅಂಗಿಗೆ ಮೂರು ತೋಳು ಬಂದವು.

ಅದಾದ ಮೇಲೆ ಅಣ್ಣನಿಗೆ ಮಾತಾಡುವಷ್ಟು ಉಸಿರು ಸಿಗಲಿಲ್ಲ. ಬೇಡಪ್ಪ ಹೋಗಿ ಕೂರುತ್ತಿದ್ದ. ಅಣ್ಣ ಸೈಕಲ್ಲಿನ ಕಡೆ ಮುಖ ಮಾಡಿ ಮಲಗಿರುತ್ತಿದ್ದ, ಒಮ್ಮೊಮ್ಮೆ ಕಣ್ಣು ತೆರೆಯುತ್ತಿದ್ದ. ಆ ವಾರ ತುಂಬುವುದರೊಳಗೆ ಹೋಗಿಬಿಟ್ಟ.

ಬಂದವರೆಲ್ಲ ಹಿಂತಿರುಗಿ, ಮನೆಯಲ್ಲಿ ಇಬ್ಬರೇ ಉಳಿದ ದಿನ, ಅತ್ತಿಗೆ ಮಂಚದ ಹಾಸಿಗೆ ಮಡಿಸುತ್ತ ದಿಂಬಿನ ಕೆಳಗಿಂದ ಏನನ್ನೋ ತೆಗೆದು ಬೇಡಪ್ಪನ ಕೈಗೆ ಹಾಕಿದಳು. ಉಕ್ಕಿನ ಪುಟ್ಟ ಚಕ್ರ. ಚೀಲದಲ್ಲಿ ಬಂದಿದ್ದ ಎಲ್ಲಕ್ಕೂ ಮೂವತ್ತು ವರ್ಷದ ಕೊಳೆ ಮೆತ್ತಿತ್ತು. ಇದು ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಮಲಗಿದಲ್ಲೇ ಬಟ್ಟೆಯ ಚೂರಿನಿಂದ ಉಜ್ಜಿ ಉಜ್ಜಿ ಮಾಡಿದ ಹೊಳಪು.

"ಬೇಕೂಂತಲೇ ಇಟ್ಕೊಂಡಿದ್ರು" ಎಂದಳು ಅತ್ತಿಗೆ. "ಇದನ್ನ ಕೇಳೋಕೆ ನೀನು ಬರ್ತೀಯ ಅಂತ. ಬಾಗಿಲಲ್ಲಿ ಸದ್ದಾದ್ರೆ ಸಾಕು, 'ಬಂದ ನೋಡು, ಕಳ್ಳ ಅಂತ ಬೈಯೋಕೆ' ಅಂತ ಎದ್ದು ಕೂರೋರು. ಬೈದು ಮುಗಿಸ್ಲಿ, ಆಮೇಲೆ ಇಲ್ಲೇ ನೆಲದ ಮೇಲೆ ಹರಡ್ಕೊಂಡು ಇಬ್ಬರೂ ಸೇರಿ ಕಟ್ಟೋಣ, ನಾನು ಹೇಳ್ತೀನಿ ಅವನು ಕೂರಿಸ್ಲಿ ಅಂತಿದ್ರು. ಎಣ್ಣೆ ಚೆಲ್ಲುತ್ತೆ ಅಂತ ನನ್ನ ಹತ್ರ ಹಳೇ ಚಾಪೆ ಬೇರೆ ತೆಗೆಸಿ ಇಟ್ಟಿದ್ರು."

ಬೇಡಪ್ಪ ಚಕ್ರವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ನೀವಾದ್ರೂ ಹೇಳ್ಬಾರ್ದಿತ್ತಾ ಅತ್ತಿಗೆ?"

"ಆಣೆ ಹಾಕಿಸಿದ್ರು. ಆದ್ರೂ ಹೇಳೋಣ ಅಂತಲೇ ಎರಡನೇ ಸಲ ಬಂದಿದ್ದು." ಅವಳು ಹಾಸಿಗೆಯನ್ನು ಎದೆಗೆ ಅವುಚಿಕೊಂಡು ಮಂಚದ ಅಂಚಿಗೆ ಕೂತಳು. "ನೀನು ಆ ಹಿತ್ತಾಳೇದು ಮಾಡ್ಕೊಂಡು, ನಗ್ತಾ ತೋರಿಸ್ದೆ. ನಂಗೆ ಬಾಯಿ ಬರ್ಲಿಲ್ಲಪ್ಪ."

ಬೇಡಪ್ಪ ಸೈಕಲ್ಲಿನ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತ. ಹಿತ್ತಾಳೆಯದನ್ನು ಬಿಚ್ಚಿ ಉಕ್ಕಿನದನ್ನು ಹಾಕಲು ಕೈ ಹೋಯಿತು, ಜೇಬಿನಿಂದ ಪಾನಾ ತೆಗೆದ. ಆದರೆ ಆ ಹಿತ್ತಾಳೆಯನ್ನು ಅಣ್ಣನ ಬೆರಳು ಹಲ್ಲು ಹಲ್ಲಾಗಿ ಮುಟ್ಟಿ ಹೋಗಿತ್ತು. ಪಾನಾವನ್ನು ಮತ್ತೆ ಜೇಬಿಗೆ ಹಾಕಿಕೊಂಡು, ಉಕ್ಕಿನ ಚಕ್ರವನ್ನು ಅತ್ತಿಗೆಗೇ ಹಿಂದಿರುಗಿಸಿ, ಚಪ್ಪಲಿ ಮೆಟ್ಟಿ ಹೊರಟ.

ಕೆಲವು ದಿನ ಅಂಗಡಿ ತೆರೆಯಲಿಲ್ಲ. ತೆರೆದ ಮೇಲೂ ಗಿರಾಕಿಗಳಿಗೆ ಚಕ್ರ ನೇರ ಮಾಡಿಕೊಡುತ್ತಿದ್ದ, ಅಷ್ಟೆ. ಗುಬ್ಬಿಗಳಿಗೆ ಮೋಸವಾಗುವಷ್ಟು ನೇರ ಮಾಡುತ್ತಿರಲಿಲ್ಲ. ಒಂದು ಬೆಳಗ್ಗೆ ಕೈಯಲ್ಲಿದ್ದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದು ನಿಂತ.

"ಎಲ್ಲಿಗೋ?" ಎಂದ ದರ್ಜಿ.

"ಅತ್ತಿಗೆ ಮನೇಗೆ. ಸುತ್ತಿಗೆ ಕೇಳ್ಕೊಂಡು ಬರ್ತೀನಿ."

ದರ್ಜಿ ಗೋಡೆಯ ಮೇಲೆ ತೂಗುತ್ತಿದ್ದ ಏಳು ಸುತ್ತಿಗೆಗಳನ್ನು ನೋಡಿದ. ಅವನ ಬಾಯಿಯ ತುದಿಗೆ ಒಂದು ಒಳ್ಳೆಯ ಮಾತು ಬಂದಿತ್ತು. ಹಲ್ಲಿನಿಂದ ದಾರ ಕಡಿದು, ಅದನ್ನು ನುಂಗಿಕೊಂಡ.

ಆಮೇಲೆ ಅದು ದಿನಚರಿಯಾಯಿತು. ಆ ಮನೆಯಲ್ಲಿ ಇರಲು ಸಾಧ್ಯವೇ ಇಲ್ಲದ ವಸ್ತುಗಳನ್ನು ಬೇಡಪ್ಪ ಹುಡುಕಿ ಹುಡುಕಿ ಕೇಳತೊಡಗಿದ. ಟ್ಯೂಬು ಕೇಳಿದ, ವಾಲ್ವು ಕೇಳಿದ, ಒಮ್ಮೆ ಏಣಿ ಕೇಳಿದ. ಅತ್ತಿಗೆ ಒಮ್ಮೆಯೂ ಇಲ್ಲವೆನ್ನಲಿಲ್ಲ. ಎಲ್ಲೋ ಇತ್ತು, ನೋಡ್ತೀನಿ ಎನ್ನುತ್ತಿದ್ದಳು. ಸೈಕಲ್ಲು ಅದೇ ಕೋಣೆಯಲ್ಲಿ ಈಗ ಕಾಲ ಮೇಲೆ ನಿಂತಿದೆ. ಬಾಗಿದ ಹ್ಯಾಂಡಲಿನ ಮೇಲೆ ಅವಳು ಒದ್ದೆ ಟವೆಲು ಒಣಹಾಕುತ್ತಾಳೆ. ಅದರ ನೀರು ಇಳಿದು ಲೋಹಕ್ಕೆ ತುಕ್ಕು ಹಿಡಿಯುತ್ತದೆಂದು ಬೇಡಪ್ಪನಿಗೆ ಗೊತ್ತು. ಅವನೇನೂ ಹೇಳುವುದಿಲ್ಲ.

"ಅತ್ತಿಗೆ, ಒಂದು ಸೂಜಿ ಇದ್ರೆ ಕೊಡ್ತೀರಾ?" ಎಂದ ನಿನ್ನೆ, ಹೊಸ್ತಿಲಲ್ಲಿ ನಿಂತು.

"ಸೂಜೀನಾ? ನಿನ್ನ ಪಕ್ಕದಲ್ಲೇ ದರ್ಜಿ ಕೂತಿದಾನಲ್ಲೋ!"

"ಅವನನ್ನ ಕೇಳ್ಲಿಲ್ಲ."

ಅತ್ತಿಗೆ ಅವನನ್ನು ಒಂದು ಗಳಿಗೆ ನೋಡಿದಳು. "ಕೂತ್ಕೋ, ಹುಡುಕ್ತೀನಿ" ಎಂದು ಒಳಗೆ ಹೋದಳು. ಅಡುಗೆಮನೆಯಲ್ಲಿ ಡಬ್ಬಗಳನ್ನು ಒಂದೊಂದಾಗಿ ತೆಗೆದು ಮುಚ್ಚುವ ಸದ್ದು ಕೇಳುತ್ತಿತ್ತು, ಸೂಜಿ ಇಡುವಂಥವಲ್ಲದ ದೊಡ್ಡ ಡಬ್ಬಗಳೂ. ಬೇಡಪ್ಪ ಬರಿಮಂಚದ ಅಂಚಿನಲ್ಲಿ, ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ.